ಮೈದಾನದಂಚಿನ ಪ್ರಶ್ನೋತ್ತರ: ಚೆಂಡು ಯಾರದೆಂದು ತೀರ್ಮಾನಿಸಿದ ವಾಲ್ಟರ್ ಕ್ಯಾಂಪ್

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಅಮೆರಿಕನ್ ಫುಟ್‌ಬಾಲ್ ಸುತ್ತಲೇ ತಿರುಗುತ್ತವೆ. ಹಾಕಿಯ ಸೀಮೆಗೆ ಈ ಗಾಳಿ ಎಲ್ಲಿಂದ ಬೀಸಿತೋ! ಮಕ್ಕಳು ಮೊಮ್ಮಕ್ಕಳು ಅಲ್ಲಿ ನೆಲೆಸಿರುವುದೇ ಕಾರಣವಿರಬೇಕು. ಉತ್ತರಿಸುತ್ತಿರುವ ನಾನು ನಿವೃತ್ತ ದೈಹಿಕ ಶಿಕ್ಷಕ, ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಸೀಟಿ ಊದಿದವನು. ನಿಯಮದ ಮಾತು ಬಂದರೆ ನನ್ನ ಉತ್ತರ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಸರ್, ಮೊಬೈಲಿನಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡುತ್ತೇನೆ. ನಾಲ್ಕು ಹೆಜ್ಜೆ ಓಡುತ್ತಾರೆ, ಬೀಳುತ್ತಾರೆ, ಆಟ ನಿಲ್ಲುತ್ತದೆ. ಹೀಗೆ ತುಂಡು ತುಂಡಾಗಿ ಆಡುವ ಆಟವನ್ನು ಯಾರು ಕಂಡುಹಿಡಿದರು?
– ಕಾಲೇಜು ವಿದ್ಯಾರ್ಥಿ, ಪೊನ್ನಂಪೇಟೆ

ಆಟಕ್ಕೆ ತಂದೆಯರು ಹಲವರು. ಅದನ್ನು ತುಂಡು ಮಾಡಿದ ಕೀರ್ತಿ ಮಾತ್ರ ಮುಖ್ಯವಾಗಿ ಒಬ್ಬನದು, ವಾಲ್ಟರ್ ಕ್ಯಾಂಪ್. 1859ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಎಂಬ ಊರಿನಲ್ಲಿ ಹುಟ್ಟಿ, 1876ರಲ್ಲಿ ಯೇಲ್ ವಿಶ್ವವಿದ್ಯಾಲಯ ಸೇರಿದ. ಪದವಿಯ ನಂತರ ವೈದ್ಯಕೀಯ ಓದುತ್ತೇನೆಂದು ಅಲ್ಲೇ ಉಳಿದ. ವೈದ್ಯನಂತೂ ಆಗಲಿಲ್ಲ, 1882ರವರೆಗೆ ಯೇಲ್ ತಂಡದಲ್ಲಿ ಆಡಿದ್ದಂತೂ ಆಯಿತು.

ಆಗ ಅವರು ಆಡುತ್ತಿದ್ದದ್ದು ಹೆಚ್ಚುಕಡಿಮೆ ಇಂಗ್ಲಿಷರ ರಗ್ಬಿ. ಚೆಂಡು ಹಿಡಿದವನು ನೆಲಕ್ಕೆ ಬಿದ್ದೊಡನೆ ಎರಡೂ ಕಡೆಯವರು ತಲೆ ತಗ್ಗಿಸಿ ಗುಂಪುಗಟ್ಟಿ ಒದೆಯಬೇಕು. ಚೆಂಡು ಯಾವ ಕಡೆ ಸಿಡಿಯಿತೋ ಅವರದು. ಮಳೆಗಾಲದ ನಮ್ಮ ಕೆಸರುಗದ್ದೆ ಕ್ರೀಡಾಕೂಟದಲ್ಲಿ ಚೆಂಡು ಕಾಲುಗಳ ನಡುವೆ ಹೂತುಹೋದಾಗ ಆಗುವುದೂ ಹೀಗೆಯೇ: ಹತ್ತು ಜನ ಒದೆಯುತ್ತಾರೆ, ಎಲ್ಲಿಂದಲೋ ಅದು ಹೊರಬೀಳುತ್ತದೆ, ಯಾರ ಜಾಣತನಕ್ಕೂ ಅಲ್ಲಿ ಬೆಲೆಯಿಲ್ಲ. ನಮಗೆ ಅದೇ ಮಜಾ. ಕ್ಯಾಂಪ್‌ಗೆ ಅದು ಸರಿಬರಲಿಲ್ಲ. 1880ರಲ್ಲಿ ಕಾಲೇಜುಗಳ ಪ್ರತಿನಿಧಿಗಳ ಸಭೆಯಲ್ಲಿ ಆತ ಹಟ ಹಿಡಿದು ಒಪ್ಪಿಸಿದ್ದು ಇಷ್ಟು: ಚೆಂಡು ಒಂದು ತಂಡದ್ದೆಂದು ಮೊದಲೇ ಗೊತ್ತಾಗಿರಲಿ, ಎರಡು ತಂಡಗಳೂ ಒಂದು ಗೆರೆಯ ಆಚೀಚೆ ಎದುರುಬದುರು ನಿಲ್ಲಲಿ, ಚೆಂಡಿನ ಒಡೆಯರಲ್ಲೊಬ್ಬ ಅದನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಾಗ ಆಟ ಶುರುವಾಗಲಿ. ಕೈಯಿಂದ ಕೊಡುವ ಪದ್ಧತಿ ಆಮೇಲಿನದು. ಹಿಂದೆ ನಿಂತು ಚೆಂಡನ್ನು ಪಡೆಯುವವನೇ ಈಗ ನೀವು ನೋಡುವ ಕ್ವಾರ್ಟರ್‌ಬ್ಯಾಕ್. ತಂಡಕ್ಕೆ 15 ಜನರಿದ್ದದ್ದು 11ಕ್ಕೆ ಇಳಿದದ್ದೂ ಅದೇ ಸಭೆಯಲ್ಲಿ.

ನಿಯಮ ಬರೆದು ಮುಗಿಸುವುದರೊಳಗೆ ಆಟಗಾರ ಅದರಲ್ಲಿ ತೂತು ಹುಡುಕಿರುತ್ತಾನೆ, ಇದು ಸೀಟಿ ಹಿಡಿದವರಿಗೆಲ್ಲ ಗೊತ್ತು. 1881ರಲ್ಲಿ ಯೇಲ್ ಮತ್ತು ಪ್ರಿನ್ಸ್‌ಟನ್ ಎದುರಾದಾಗ ಮೊದಲರ್ಧ ಪೂರ್ತಿ ಪ್ರಿನ್ಸ್‌ಟನ್ ಚೆಂಡನ್ನು ಬಿಟ್ಟುಕೊಡಲಿಲ್ಲ, ಎರಡನೆಯ ಅರ್ಧ ಪೂರ್ತಿ ಯೇಲ್ ಬಿಟ್ಟುಕೊಡಲಿಲ್ಲ. ಮುಂದೆ ಹೋಗಬೇಕೆಂದು ಎಲ್ಲೂ ಬರೆದಿರಲಿಲ್ಲವಲ್ಲ! ಫಲಿತಾಂಶ 0–0. ದುಡ್ಡು ಕೊಟ್ಟು ಬಂದ ಜನ ಎಷ್ಟು ಬೈದಿರಬೇಕೋ, ನೀವೇ ಊಹಿಸಿ. ಮರುವರ್ಷ ಕ್ಯಾಂಪ್ ತಂದ ಮದ್ದು ಇದು: ಮೂರು ಪ್ರಯತ್ನಗಳಲ್ಲಿ 5 ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಗೆ. ನೀವು ಕೇಳಿದ ಆ ತುಂಡುಗಳು ಹುಟ್ಟಿದ್ದು ಇಲ್ಲಿ. ಒಂದೊಂದು ತುಂಡೂ ಒಂದೊಂದು ಪ್ರಯತ್ನ, ಅದಕ್ಕೆ ಡೌನ್ ಎನ್ನುತ್ತಾರೆ. ಈಗ ನಾಲ್ಕು ಡೌನ್, 10 ಗಜ.

5 ಗಜವಾಯಿತೋ ಇಲ್ಲವೋ ತಿಳಿಯಬೇಕಲ್ಲ, ಅದಕ್ಕಾಗಿ ಮೈದಾನದ ಅಡ್ಡಕ್ಕೆ ಐದೈದು ಗಜಕ್ಕೊಂದು ಬಿಳಿ ಗೆರೆ ಬಂತು. ಈ ಕೆಲಸದ ಕಷ್ಟ ನನಗೆ ಗೊತ್ತು. ಹಾಕಿ ಮೈದಾನಕ್ಕೆ ಸುತ್ತಲಿನ ಗೆರೆ, ನಡುಗೆರೆ, ಎರಡು 25 ಗಜದ ಗೆರೆ, ಎರಡು ‘ಡಿ’ ಬಳಿದರೆ ಮುಗಿಯಿತು. ಅಷ್ಟಕ್ಕೇ ದಾರ ಕಟ್ಟಿ, ಗೂಟ ಹೊಡೆದು, ಬಗ್ಗಿಕೊಂಡು ಸುಣ್ಣದ ಪುಡಿ ಸುರಿಯುತ್ತ ಹೋಗುವಾಗ ಸೊಂಟ ಹಿಡಿಯುತ್ತದೆ. ಪುಡಿ ಬೆವರಿಗೆ ಸೇರಿ ಬೆರಳ ಸಂದಿಗಳು ಉರಿಯುತ್ತವೆ. ಐದು ಗಜಕ್ಕೊಂದು ಗೆರೆ ಎಂದಾಗ ಅಲ್ಲಿಯ ಮೈದಾನದ ಆಳುಗಳು ಕ್ಯಾಂಪ್‌ಗೆ ಏನೆಂದು ಹರಸಿದರೋ, ದಾಖಲೆಯಲ್ಲಿಲ್ಲ.

ಅಂಕಗಳಿಗೂ ಆತ ಬೆಲೆ ಕಟ್ಟಿದ. 1883ರ ಪಟ್ಟಿಯಲ್ಲಿ ಚೆಂಡು ಹೊತ್ತು ಎದುರಾಳಿಯ ತುದಿಯ ಗೆರೆ ದಾಟಿದರೆ, ಅಂದರೆ ಟಚ್‌ಡೌನ್ ಆದರೆ, 2, ಮೈದಾನದಿಂದ ಗೋಲಿಗೆ ಒದ್ದರೆ 5. ಇಂದು ತಿರುಗುಮುರುಗು: ಟಚ್‌ಡೌನ್‌ಗೆ 6, ಒದ್ದ ಗೋಲಿಗೆ 3.

ಒಂದು ಮಾತು ಸೇರಿಸದೆ ಇರಲಾರೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಕೃತಕ ಹುಲ್ಲಿಗೆ ಒಯ್ದರು, ಭಾರತ ಏಳನೆಯ ಸ್ಥಾನಕ್ಕೆ ಬಿತ್ತು. ಮಣ್ಣಿನಲ್ಲಿ ಆಡಿ ಬೆಳೆದ ನಮ್ಮವರನ್ನು ಆಗ ಯಾರು ಕೇಳಿದರು? ಕ್ಯಾಂಪ್ ಬಗ್ಗೆ ನನಗಿರುವ ಗೌರವಕ್ಕೆ ಇದೇ ಕಾರಣ. ನಿಯಮ ತಿದ್ದಲು ಕುಳಿತಾಗ ಆತ ಇನ್ನೂ ಆಟಗಾರ. ತಾನು ಬರೆದದ್ದನ್ನು ಮುಂದಿನ ಪಂದ್ಯದಲ್ಲಿ ತಾನೇ ಅನುಭವಿಸಬೇಕಿತ್ತು.

ನಮ್ಮ ಕುಟುಂಬದ ತಂಡದಲ್ಲಿ ಗಂಡಸರ ಜೊತೆ ನಾನೂ ಹಾಕಿ ಆಡಿದ್ದೇನೆ. ಅಮೆರಿಕನ್ ಫುಟ್‌ಬಾಲ್‌ನ ಆರಂಭಕಾಲದಲ್ಲಿ ಹೆಂಗಸರಿಗೆ ಜಾಗವಿತ್ತೇ?
– ಗೃಹಿಣಿ, ನಾಪೋಕ್ಲು

ಮೈದಾನದ ಒಳಗೆ ಇರಲಿಲ್ಲ. ಅಂಚಿನಲ್ಲಿ ಒಬ್ಬಾಕೆ ಇದ್ದಳು, ಆಕೆಯ ಹೆಸರು ತಿಳಿದವರು ಕಡಿಮೆ. ಕ್ಯಾಂಪ್ 1888ರಲ್ಲಿ ಆಲಿಸ್ ಸಮ್ನರ್ ಎಂಬಾಕೆಯನ್ನು ಮದುವೆಯಾದ. ಯೇಲ್ ತಂಡದ ತರಬೇತಿಯ ಹೊಣೆ ಹೊತ್ತದ್ದೂ ಅದೇ ವರ್ಷ. ಹೊಟ್ಟೆಪಾಡಿಗೆ ಮಾತ್ರ ನ್ಯೂ ಹೇವನ್ ಗಡಿಯಾರ ಕಂಪನಿಯ ಕೆಲಸವಿತ್ತು. ಮುಂದೆ ಅದರ ಅಧ್ಯಕ್ಷನೂ ಆದ. ಹಗಲಿಡೀ ಕಚೇರಿಯಲ್ಲಿರುವವನು ಮಧ್ಯಾಹ್ನದ ಅಭ್ಯಾಸ ನೋಡುವುದು ಹೇಗೆ? ಆಲಿಸ್ ಹೋಗುತ್ತಿದ್ದಳು. ಅಂಚಿನಲ್ಲಿ ನಡೆದಾಡುತ್ತ ಯಾರು ಚುರುಕಾಗಿದ್ದಾನೆ, ಯಾರು ಮೈಗಳ್ಳತನ ಮಾಡುತ್ತಿದ್ದಾನೆ ಎಂದು ಬರೆದುಕೊಂಡು ಬಂದು ಸಂಜೆ ಗಂಡನಿಗೆ ಹೇಳುತ್ತಿದ್ದಳು. ರಾತ್ರಿ ಆಟಗಾರರು ಕ್ಯಾಂಪ್ ಮನೆಗೆ ಬಂದು ಸೂಚನೆ ಪಡೆಯುತ್ತಿದ್ದರು. ಆ ವರ್ಷ ಯೇಲ್ ಆಡಿದ 13 ಪಂದ್ಯಗಳನ್ನೂ ಗೆದ್ದಿತು. ಒಟ್ಟು ಗಳಿಸಿದ್ದು 698 ಅಂಕ, ಬಿಟ್ಟುಕೊಟ್ಟದ್ದು ಸೊನ್ನೆ.

ಇದರಲ್ಲಿ ಅರ್ಧ ಕೀರ್ತಿ ಯಾರಿಗೆ ಸಲ್ಲಬೇಕೆಂದು ನಾನು ಹೇಳಬೇಕಾಗಿಲ್ಲ. ಅಂಚಿನಲ್ಲಿ ಕುಳಿತ ಅಜ್ಜಿಯರು ಅಂಪೈರಿಗಿಂತ ಮೊದಲು ಫೌಲ್ ಕೂಗುವ ಊರು ನಮ್ಮದು.

ಮಾಸ್ಟ್ರೇ, ಅಮೆರಿಕದಲ್ಲಿರುವ ಮೊಮ್ಮಗ ಶಾಲೆಯಲ್ಲಿ ಈ ಆಟಕ್ಕೆ ಸೇರಿದ್ದಾನೆ. ವಿಡಿಯೋ ನೋಡಿದರೆ ಎದೆ ಝಲ್ಲೆನ್ನುತ್ತದೆ. ಅಪಾಯವಿಲ್ಲವೇ?
– ಅಜ್ಜಿ, ವಿರಾಜಪೇಟೆ

ಅಪಾಯವಿದೆ ಅಮ್ಮ, ನಿಮ್ಮನ್ನು ಸಮಾಧಾನಪಡಿಸಲು ಸುಳ್ಳು ಹೇಳಲಾರೆ. ಹಿಂದೆ ಇನ್ನೂ ಹೆಚ್ಚಿತ್ತು. ಬರೀ 5 ಗಜ ಬೇಕಿದ್ದರೆ ಎಲ್ಲರೂ ಒತ್ತಾಗಿ ಸೇರಿ ನುಗ್ಗಿದರೆ ಸಾಕಲ್ಲ, ತಂಡಗಳು ಅದನ್ನೇ ಮಾಡಿದವು. ಮೂಳೆ ಮುರಿದವು, ಜೀವಗಳೂ ಹೋದವು. 1905ರ ಅಕ್ಟೋಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೇ ಕರೆಸಿದರು. ಕ್ಯಾಂಪ್ ಕೂಡ ಹೋಗಿದ್ದ. 1906ರಲ್ಲಿ 5 ಗಜವನ್ನು 10 ಮಾಡಿದರು, ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಕೊಟ್ಟರು. ಗುಂಪು ಚದುರಿತು.

ಇಲ್ಲಿ ಕ್ಯಾಂಪ್ ಬಗ್ಗೆ ನನ್ನ ತಕರಾರಿದೆ. 10 ಗಜಕ್ಕೆ ಆತ ಒಪ್ಪಿದ, ಮುಂದಕ್ಕೆ ಎಸೆಯುವುದನ್ನು ಮಾತ್ರ ವಿರೋಧಿಸಿದ. ಇಂದು ಆ ಆಟದಲ್ಲಿ ಜನ ಎದ್ದು ನಿಂತು ನೋಡುವುದು ಅದನ್ನೇ! ಅದಕ್ಕೂ ಮೊದಲು, 1894ರಲ್ಲಿ, ಗಾಯಗಳ ದೂರಿಗೆ ಉತ್ತರವಾಗಿ ಹಳೆಯ ಆಟಗಾರರ ಅಭಿಪ್ರಾಯ ಕೇಳಿ ಪುಸ್ತಕ ತಂದಿದ್ದ. ಅದರಲ್ಲಿ ಆಟವನ್ನು ಹೊಗಳಿದವರಿಗೇ ಮಣೆ ಹಾಕಿದನೆಂಬ ಆಕ್ಷೇಪವಿದೆ. ತಾನು ಸಾಕಿದ ಆಟದ ತಪ್ಪು ಆತನ ಕಣ್ಣಿಗೆ ಬೀಳಲಿಲ್ಲ.

ನಿಮ್ಮ ಮೊಮ್ಮಗನ ವಿಷಯ. ಈಗ ಹೆಲ್ಮೆಟ್ ಕಡ್ಡಾಯ, ಆದರೆ ಅದು ತಲೆಬುರುಡೆಯನ್ನು ಕಾಯುತ್ತದೆ. ಒಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ಪೆಟ್ಟು ಬಿದ್ದ ಮೇಲೆ ತಲೆನೋವು, ಮಂಕು, ವಾಂತಿ ಬಂದರೆ ಆ ದಿನ ಮತ್ತೆ ಮೈದಾನಕ್ಕೆ ಇಳಿಯದೆ ವೈದ್ಯರನ್ನು ಕಾಣಬೇಕೆಂದು ಮಗಳಿಗೆ ಹೇಳಿ. ಫ್ಲ್ಯಾಗ್ ಫುಟ್‌ಬಾಲ್ ಎಂಬ ಇನ್ನೊಂದು ಬಗೆಯೂ ಉಂಟು. ಅದರಲ್ಲಿ ಕೆಡವುವ ಹಾಗಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೂ ಅದು ಸೇರಿದೆ. ಹುಡುಗ ಒಪ್ಪಿದರೆ ಅದಕ್ಕೆ ಸೇರಿಸಲಿ.

‘ಡೈಲಿ ಡಜನ್’ ಎಂಬ ಕವಾಯತಿನ ಹೆಸರು ಕೇಳಿದ್ದೆ. ಅದೇನು? ಈ ವಯಸ್ಸಿನಲ್ಲಿ ಮಾಡಬಹುದೇ?
– ನಿವೃತ್ತ ಸೈನಿಕ, ಸೋಮವಾರಪೇಟೆ

ಅದೂ ಇದೇ ಕ್ಯಾಂಪ್ ಮಾಡಿದ್ದು! ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಯವರಿಗೆಂದು ಹೊಸೆದ 12 ವ್ಯಾಯಾಮಗಳು. ಮೂರು ಮೂರರ ಗುಂಪು, ಗುಂಪಿನ ಹೆಸರುಗಳೆಲ್ಲ ಒಂದೇ ಅಕ್ಷರದಿಂದ: ಕ್ರಾಲ್, ಕರ್ಲ್, ಕ್ರೌಚ್, ಹೀಗೆ. ಉಪಕರಣ ಬೇಡ, ಕೋಣೆಯೊಳಗೆ ಮಾಡಬಹುದು. ಮುಂದೆ ಗ್ರಾಮಫೋನ್ ತಟ್ಟೆಗಳಲ್ಲೂ ಬಂತು. ಆ ಹೊತ್ತಿಗೆ ಕ್ಯಾಂಪ್‌ಗೂ ವಯಸ್ಸಾಗಿತ್ತು. 1925ರ ಮಾರ್ಚ್‌ನಲ್ಲಿ ನಿಯಮ ಸಮಿತಿಯ ಸಭೆಗೆಂದು ನ್ಯೂಯಾರ್ಕಿಗೆ ಹೋದವನು ರಾತ್ರಿ ನಿದ್ದೆಯಲ್ಲೇ ತೀರಿಕೊಂಡ. ಆಗ ಆತನಿಗೆ 65.

ನೀವು ಧಾರಾಳವಾಗಿ ಮಾಡಿ. ಮಂಡಿನೋವಿದ್ದರೆ ಕ್ರೌಚ್ ಒಂದನ್ನು ಬಿಡಿ.