ರೂಟರ್ ಆಫ್ ಮಾಡೋ ಚಿಕ್ಕಪ್ಪ

ದಾವಣಗೆರೆಯ ತಾಯಿಯೊಬ್ಬರ ಪತ್ರ ಮೂರು ದಿನದಿಂದ ನನ್ನ ತಲೆ ತಿನ್ನುತ್ತಿದೆ. ಮಗ ಎಸ್‌ಎಸ್‌ಎಲ್‌ಸಿ. ಟ್ಯೂಷನ್ ಮುಗಿಸಿ ಬಂದವನೇ ಬಿಜಿಎಂಐ ಹಿಡಿದು ಕೂರುತ್ತಾನೆ, ಅದೇ ಹಳೇ ಪಬ್ಜಿ, ಫೋನಿನಲ್ಲಿ ಆಡೋ ಬಂದೂಕಿನ ಆಟ. ಕೂಗಾಡುತ್ತಾನೆ. ಕಳೆದ ವಾರ ಹಾಲಿನ ಲೋಟ ಗೋಡೆಗೆ ಎಸೆದ. "ಬೆಳಗಾವಿ ಹುಡುಗನ ಥರ ಆಗ್ತಾನೆ ನೋಡ್ತಿರಿ ಅತ್ತಿಗೆ ಅಂತ ಮೈದುನ ಹೆದರಿಸ್ತಾರೆ. ಫೋನ್ ಒಡೆದು ಹಾಕಲಾ?" ಅಂತ ಕೇಳಿದ್ದಾರೆ.

ಅಮ್ಮಾ, ಫೋನ್ ಹಾಗಿರಲಿ. ಮೂರನೇ ಪುಟದಲ್ಲಿ ಒಂದು ಮಾತು ತೇಲಿಸಿಬಿಟ್ಟಿದ್ದೀರಿ: "ಮೈದುನ ಆಗಾಗ ತಮಾಷೆಗೆ ವೈಫೈ ಆಫ್ ಮಾಡ್ತಾರೆ, ಇವನು ಕುಣಿದಾಡೋದನ್ನ ವಿಡಿಯೊ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕ್ತಾರೆ, ಎಲ್ಲರೂ ನಗ್ತೀವಿ."

ನಗ್ತೀವಿ! ನೀವೂ ಸೇರಿ.

ಆ ಆಟ ಹೇಗೆ ನಡೆಯುತ್ತೆ ಅಂತ ಒಂದು ಸಲ ಪಕ್ಕದಲ್ಲಿ ಕೂತು ನೋಡಿ. ನೂರು ಜನ ಇಳಿಯುತ್ತಾರೆ, ನಾಲ್ಕು ಜನರ ಸ್ಕ್ವಾಡು, ಅರ್ಧ ಗಂಟೆ ಹತ್ತಿರ ಹತ್ತಿರ ಒಂದು ಮ್ಯಾಚು, ಆಡೋ ಜಾಗ ಕಿರಿದಾಗುತ್ತಾ ಬಂದು ಕೊನೆಯ ಝೋನಿನಲ್ಲಿ ಉಸಿರು ಬಿಗಿಹಿಡಿದು ಕೂತಾಗ ನೆಟ್ ಹೋದರೆ ಅವನ ಆಳು ನಿಂತಲ್ಲೇ ಗೊಂಬೆ ಥರ ನಿಂತು ಸಾಯುತ್ತಾನೆ. ಮರುದಿನ ಕ್ಲಾಸಿನಲ್ಲಿ ಉಳಿದ ಮೂವರ ಬೈಗುಳ ಬೇರೆ. ಕೇರಂನಲ್ಲಿ ನೀವು ರೆಡ್ ಹಾಕುವಾಗ ಯಾರಾದರೂ ಬೋರ್ಡೇ ಎತ್ತಿಬಿಟ್ಟರೆ ನಗ್ತಿದ್ರಾ?

2014ರಲ್ಲಿ ಸಂಶೋಧಕರು ಟೆಟ್ರಿಸ್ ಆಟವನ್ನೇ ಬೇಕಂತ ಆಡೋಕಾಗದ ಹಾಗೆ ಮಾಡಿ ಜನರ ಕೈಗೆ ಕೊಟ್ಟರು. ಟೆಟ್ರಿಸ್ ಅಂದರೆ ನಮ್ಮ ಕಾಲದಲ್ಲಿ ಜಾತ್ರೆಯಲ್ಲಿ ಕೊಡಿಸ್ತಿದ್ದ ಬ್ರಿಕ್ ಗೇಮ್. ಬಂದೂಕಿಲ್ಲ, ರಕ್ತ ಇಲ್ಲ, ಬರೀ ಇಟ್ಟಿಗೆ. ಆದರೂ ಆಡಿದವರ ಸಿಟ್ಟು ಏರಿತು. ಕೈಕಟ್ಟಿ ಸೋಲಿಸಿದರೆ ಯಾರಿಗಾದರೂ ಸಿಟ್ಟು ಬರುತ್ತೆ.

ಹಾಗಂತ ಬಂದೂಕಿನ ಆಟ ತುಳಸಿ ತೀರ್ಥ ಅಂತ ನಾನು ಹೇಳ್ತಿಲ್ಲ. ಇಂಥ ಆಟಕ್ಕೂ ಕೂಗಾಟ, ತಳ್ಳಾಟಕ್ಕೂ ಸಣ್ಣ ನಂಟಿದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲೂ ಹೇಳಿದೆ. ಕೊಲೆ, ಹೊಡೆದಾಟಕ್ಕೆ ಆಟವೇ ಕಾರಣ ಅನ್ನೋಕೆ ಸಾಕಷ್ಟು ಆಧಾರ ಇಲ್ಲ ಅಂತಲೂ ಅದೇ ಸಂಘ ಹೇಳಿದೆ. 2019ರಲ್ಲಿ ಬೆಳಗಾವಿ ಹತ್ತಿರ ಪಬ್ಜಿ ಜಗಳದಲ್ಲಿ ಮಗನೇ ತಂದೆಯನ್ನು ಕೊಂದ ಸುದ್ದಿ ಸುಳ್ಳಲ್ಲ. ಆದರೆ ಆ ಒಂದು ಸುದ್ದಿ ಹಿಡಿದು ಹದಿನೈದರ ಹುಡುಗನಿಗೆ ದಿನಾ "ನೀನು ಕೊಲೆಗಾರ ಆಗ್ತೀಯ" ಅನ್ನೋದು ಯಾವ ಸೀಮೆ ಬುದ್ಧಿವಾದ?

ಈ ಅಂಕಣ ಓದುವವರಿಗೆ ನನ್ನ ಹಳೇ ರಾಗ ಗೊತ್ತು. ಮಕ್ಕಳನ್ನು ಅಳಿಸಿ ನಗೋ ದೊಡ್ಡವರನ್ನು ಕಂಡರೆ ನನಗಾಗಲ್ಲ. ಮನೆಗೊಬ್ಬ ಚಿಕ್ಕಪ್ಪನೋ ಸೋದರಮಾವನೋ ಇರ್ತಾನೆ, ಗಿಲ್ಲೋದು ಅವನೇ, "ಇಷ್ಟಕ್ಕೆಲ್ಲ ಸಿಟ್ಟಾ" ಅನ್ನೋದೂ ಅವನೇ.

ಲೋಟ ಎಸೆದದ್ದು ತಪ್ಪು. ಗೋಡೆ ಒರೆಸೋ ಕೆಲಸ ಅವನದ್ದೇ, ನೀವು ಒರೆಸಬೇಡಿ. ಹದಿನೆಂಟರ ಒಳಗಿನವರಿಗೆ ದಿನಕ್ಕೆ 3 ಗಂಟೆ ಅಂತ 2023ರಲ್ಲಿ ಆ ಆಟದವರೇ ಮಿತಿ ಹಾಕಿದ್ದಾರೆ, ಎಸ್‌ಎಸ್‌ಎಲ್‌ಸಿ ಹುಡುಗನಿಗೆ ಅದೂ ಜಾಸ್ತಿಯೇ. ನಿದ್ದೆ ಬಿಟ್ಟು, ಊಟ ಬಿಟ್ಟು ಆಡ್ತಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಂತಲೇ 2014ರಿಂದ ಶಟ್ ಕ್ಲಿನಿಕ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೂ ಆಗುತ್ತೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಹಾಗಾಗಿ ಹೇಳೋದು ಒಂದೇ. ಆ ರೂಟರನ್ನು ಹಾಲ್‌ನಿಂದ ಕಿತ್ತು ನಿಮ್ಮ ರೂಮಿನ ಬೀರು ಮೇಲೆ ಇಡಿ. ರಾತ್ರಿ ಅದನ್ನು ಆಫ್ ಮಾಡೋದು ನೀವು, ನೀವೊಬ್ಬರೇ, ಅದೂ "ಇದು ಕೊನೇ ಮ್ಯಾಚ್ ಕಣೋ" ಅಂತ ಮೊದಲೇ ಹೇಳಿ, ಆ ಮ್ಯಾಚ್ ಮುಗಿದ ಮೇಲೆ.

ಮೈದುನ ಮುಖ ಊದಿಸಿಕೊಂಡರೆ? ಊದಿಸಿಕೊಳ್ಳಲಿ. ಅದನ್ನು ಯಾರೂ ವಿಡಿಯೊ ಮಾಡಲ್ಲ.