ಕೆಟ್ಟಿದ್ದು ಯಾರ ಇಂಗ್ಲಿಷು?

ಧಾರವಾಡದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿದವನು ನಾನು. ನ್ಯೂಜೆರ್ಸಿಯಿಂದ ರಜೆಗೆ ಬಂದ ಮೊಮ್ಮಗಳು ಆಟಮ್ ಅನ್ನುವಲ್ಲಿ ಫಾಲ್ ಅನ್ನುತ್ತಾಳೆ, ಗಾಟ್ ಅನ್ನುವಲ್ಲಿ ಗಾಟನ್ ಅನ್ನುತ್ತಾಳೆ. ತಿದ್ದಿದರೆ ನಗುತ್ತಾಳೆ. ಇಂಗ್ಲೆಂಡಿನಿಂದ ಹೋದವರು ತಮ್ಮ ಭಾಷೆಯನ್ನು ಇಷ್ಟು ಬೇಗ ಹೇಗೆ ಕೆಡಿಸಿಕೊಂಡರು?’

ಸಂಪಾದಕರ ಉತ್ತರ:

ಮಾಸ್ತರರೇ, ಕೆಂಪು ಶಾಯಿಯ ಪೆನ್ನು ಸ್ವಲ್ಪ ಕೆಳಗಿಡಿ. ಈ ಎರಡೂ ತಕರಾರಿನಲ್ಲಿ ಸಾಕ್ಷಿ ಮೊಮ್ಮಗಳ ಕಡೆಗಿದೆ.

1607ರಲ್ಲಿ ಅಮೆರಿಕದ ವರ್ಜೀನಿಯಾದ ಜೇಮ್ಸ್‌ಟೌನಿನಲ್ಲಿ, 1620ರಲ್ಲಿ ಮ್ಯಾಸಚೂಸೆಟ್ಸಿನ ಪ್ಲಿಮತ್ತಿನಲ್ಲಿ ಇಳಿದ ಇಂಗ್ಲಿಷ್ ವಲಸೆಗಾರರ ಕಾಲಕ್ಕೆ ಇವು ಇಂಗ್ಲೆಂಡಿನವೇ ಮಾತುಗಳು. ಎಲೆ ಉದುರುವ ಕಾಲವನ್ನು ‘ಫಾಲ್ ಆಫ್ ದ ಲೀಫ್’ ಎನ್ನುವುದು 16ನೇ ಶತಮಾನದಲ್ಲೇ ಅಲ್ಲಿ ರೂಢಿಯಲ್ಲಿತ್ತು. ಆಟಮ್ ಫ್ರೆಂಚಿನಿಂದ ಬಂದ ಪದ. ಮುಂದೆ ಲಂಡನ್ನಿನವರು ಆಟಮ್ ಇಟ್ಟುಕೊಂಡು ಫಾಲ್ ಬಿಟ್ಟರು, ಕಡಲಾಚೆಯವರು ಬಿಡಲಿಲ್ಲ. ಇನ್ನು ಗಾಟನ್ನಿಗೆ 1611ರ ಇಂಗ್ಲಿಷ್ ಬೈಬಲ್ ತೆಗೆದು ನೋಡಿ. ಆದಿಕಾಂಡದ ನಾಲ್ಕನೇ ಅಧ್ಯಾಯ, ಮೊದಲ ವಚನ. ಕಾಯಿನನನ್ನು ಹೆತ್ತ ಹವ್ವಳ ಬಾಯಲ್ಲೇ ಆ ಪದ ಇದೆ. ಹವ್ವಳಿಗೂ ಮಾರ್ಕು ಕಳೆಯುತ್ತೀರಾ?

ಅಂದಮಾತ್ರಕ್ಕೆ ಅಮೆರಿಕದವರು ಮೊದಲನೇ ಎಲಿಜಬೆತ್ ರಾಣಿಯ ಕಾಲದ ಇಂಗ್ಲಿಷನ್ನು ಉಪ್ಪಿನಕಾಯಿ ಹಾಕಿಟ್ಟಿದ್ದಾರೆ ಎಂದು ಕೆಲವರು ಹೇಳುವುದನ್ನೂ ನಂಬಬೇಡಿ. ಹೋದವರೆಲ್ಲ ಒಂದೇ ಊರಿನವರಲ್ಲ. ಪ್ಲಿಮತ್ ಇರುವ ನ್ಯೂ ಇಂಗ್ಲೆಂಡಿನ ಕಡೆಗೆ ಹೆಚ್ಚಾಗಿ ಹೋದವರು ಇಂಗ್ಲೆಂಡಿನ ಪೂರ್ವದ ಜಿಲ್ಲೆಗಳವರು, ವರ್ಜೀನಿಯಾಕ್ಕೆ ದಕ್ಷಿಣ ಮತ್ತು ನೈಋತ್ಯದವರು. ಬೀದರಿನವರೂ ಕುಂದಾಪುರದವರೂ ಒಂದೇ ಕೇರಿಯಲ್ಲಿ ಮನೆ ಕಟ್ಟಿದರೆ ಮಕ್ಕಳ ಕನ್ನಡ ಏನಾಗುತ್ತದೋ ಅಲ್ಲಿನ ಇಂಗ್ಲಿಷಿಗೂ ಅದೇ ಆಯಿತು. ಏಣು ಸವೆಯಿತು, ಹದವಾಗಿ ಬೆರೆಯಿತು.

ಹೊಸ ನೆಲದ ವಸ್ತುಗಳಿಗೆ ಹೆಸರೂ ಬೇಕಿತ್ತಲ್ಲ. ನಾತ ಬಿಡುವ ಪ್ರಾಣಿ ಸ್ಕಂಕ್, ಭಾರೀ ಜಿಂಕೆ ಮೂಸ್, ಕುಂಬಳದ ಜಾತಿಯ ಸ್ಕ್ವಾಶ್ ಎಲ್ಲ ಅಲ್ಲಿನ ಮೂಲನಿವಾಸಿಗಳ ಅಲ್ಗಾಂಕಿಯನ್ ನುಡಿಗಳಿಂದ ಪಡೆದವು. ರಕೂನ್ ಎಂಬ ಪ್ರಾಣಿಯ ಹೆಸರು ವರ್ಜೀನಿಯಾದ ಮೂಲನಿವಾಸಿಗಳಾದ ಪೊವ್ಹಾಟನ್ ಜನರ ಪದ. ಜೇಮ್ಸ್‌ಟೌನಿನ ಕ್ಯಾಪ್ಟನ್ ಜಾನ್ ಸ್ಮಿತ್ ಅದನ್ನು ಒಂದು ಕಡೆ ಬರೆದಂತೆ ಇನ್ನೊಂದು ಕಡೆ ಬರೆದಿಲ್ಲ, ಕಿವಿಗೆ ಕೇಳಿದ ಹಾಗೆ ಗೀಚಿದ್ದಾನೆ. 1664ರಲ್ಲಿ ಡಚ್ಚರ ನ್ಯೂ ಆಮ್‌ಸ್ಟರ್‌ಡಾಂ ಇಂಗ್ಲಿಷರ ಕೈಸೇರಿ ನ್ಯೂಯಾರ್ಕ್ ಆಯಿತು. ಅಲ್ಲಿನ ಡಚ್ಚರಿಂದ ಕುಕಿ ಬಂತು, ಬಾಸ್ ಬಂತು. (ನಮ್ಮ ಸಿನಿಮಾ ಹೀರೋಗಳಿಗೆ ಅಭಿಮಾನಿಗಳು ಕೂಗುವ ‘ಬಾಸ್’ ಕೂಡ ಅದೇ. ಡಚ್ಚಿನಲ್ಲಿ ಯಜಮಾನ ಎಂದರ್ಥ.)

ನನಗೆ ಇಷ್ಟವಾದ ಪದ ಮಾತ್ರ ಕಾರ್ನ್. ಇಂಗ್ಲೆಂಡಿನಲ್ಲಿ ಕಾರ್ನ್ ಅಂದರೆ ಯಾವುದೇ ಧಾನ್ಯ, ಹೆಚ್ಚಾಗಿ ಗೋಧಿ. ವಲಸೆಗಾರರು ಅಲ್ಲಿನ ತೆನೆಯನ್ನು ಕಂಡು ‘ಇಂಡಿಯನ್ ಕಾರ್ನ್’ ಅಂದರು, ಬರಬರುತ್ತಾ ಇಂಡಿಯನ್ ಉದುರಿ ಕಾರ್ನ್ ಉಳಿಯಿತು. ಆ ತೆನೆ ನಮ್ಮಲ್ಲಿಗೂ ಬಂದಾಗ ನಾವು ಮಾಡಿದ್ದೂ ಅದನ್ನೇ. ನಿಮ್ಮ ಕಡೆ ಜೋಳ ಅಂದರೆ ರೊಟ್ಟಿ ಬಡಿಯುವ ಜೋಳ. ಹೊಸದಕ್ಕೆ ಗೋವಿನಜೋಳ, ಮೆಕ್ಕೆಜೋಳ, ಮುಸುಕಿನಜೋಳ ಎಂದು ಬಾಲ ಹಚ್ಚಿದೆವು. ಬೆಂಗಳೂರಿನ ರಸ್ತೆಬದಿ ಕೆಂಡದ ಮೇಲೆ ತೆನೆ ಸುಟ್ಟು, ನಿಂಬೆಹೋಳಿನಿಂದ ಉಪ್ಪು ಖಾರ ಸವರಿ ಕೊಡುವವನಿಗೆ ಈಗ ಅದು ಬರೀ ಜೋಳ.

ನೀವು ಕೇಳದ ಒಂದು ಮಾತು. 1621ರ ಮಾರ್ಚಿನಲ್ಲಿ, ಅರ್ಧಕ್ಕರ್ಧ ಜನ ಸತ್ತು ಕಂಗಾಲಾಗಿದ್ದ ಪ್ಲಿಮತ್ತಿನೊಳಕ್ಕೆ ಸಾಮೊಸೆಟ್ ಎಂಬ ಮೂಲನಿವಾಸಿ ಒಬ್ಬನೇ ನಡೆದು ಬಂದ. ಬಂದವನು ಇಂಗ್ಲಿಷಿನಲ್ಲೇ ಸ್ವಾಗತ ಕೋರಿದ, ಬಿಯರ್ ಇದೆಯೇ ಎಂದ! ಉತ್ತರದ ಕಡಲತೀರಕ್ಕೆ ಮೀನು ಹಿಡಿಯಲು ಬರುತ್ತಿದ್ದ ಇಂಗ್ಲಿಷರಿಂದ ಹರಕುಮುರುಕಾಗಿ ಕಲಿತಿದ್ದ. ಊರು ಕಟ್ಟುವವರಿಗಿಂತ ಮೊದಲೇ ಅವರ ಭಾಷೆ ಆ ದಡ ಮುಟ್ಟಿತ್ತು.

ಭಾಷೆ ಕೆಟ್ಟ ಲೆಕ್ಕ ಹಾಕುವುದಾದರೆ ಆ ಮೂಲನಿವಾಸಿಗಳ ನುಡಿಯಿಂದ ಹಾಕಬೇಕು. 1663ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಅಮೆರಿಕದ ಮೊದಲ ಪೂರ್ತಿ ಬೈಬಲ್ ಅಚ್ಚಾಯಿತು. ಅದು ಇಂಗ್ಲಿಷಿನದಲ್ಲ, ಆ ನೆಲದ ಜನರ ನುಡಿಯದು. ಪಾದ್ರಿ ಜಾನ್ ಎಲಿಯಟ್ ಹೆಸರಿನಲ್ಲಿ ಬಂದ ಆ ಅನುವಾದಕ್ಕೆ ನೆರವಾದವರೂ, ಅಚ್ಚಿನ ಮೊಳೆ ಜೋಡಿಸಿದವರಲ್ಲೊಬ್ಬನೂ ಮೂಲನಿವಾಸಿಗಳೇ. ಮತಾಂತರಕ್ಕೆಂದೇ ಮಾಡಿದ ಕೆಲಸ, ಅದರಲ್ಲಿ ಮುಚ್ಚುಮರೆಯಿಲ್ಲ. ಹನ್ನೆರಡು ವರ್ಷದಲ್ಲಿ ವಲಸೆಗಾರರಿಗೂ ಮೂಲನಿವಾಸಿಗಳಿಗೂ ಯುದ್ಧವಾಯಿತು, ಪ್ರತಿಗಳು ಬಹಳಷ್ಟು ನಾಶವಾದವು. 19ನೇ ಶತಮಾನದಲ್ಲಿ ಆ ನುಡಿ ಆಡುವವರೇ ಇಲ್ಲವಾದರು. 1990ರ ದಶಕದಿಂದ, ಆ ನುಡಿಯಾಡುತ್ತಿದ್ದವರ ವಂಶದ ವಾಂಪನೋಗ್ ಜನ ಅದೇ ಬೈಬಲನ್ನೂ ತಮ್ಮ ಪೂರ್ವಜರು ಬರೆದಿಟ್ಟ ಹಳೆಯ ಜಮೀನು ಪತ್ರಗಳನ್ನೂ ಮುಂದಿಟ್ಟುಕೊಂಡು, ಪದಕ್ಕೆ ಪದ ಹೆಕ್ಕಿ, ಮಕ್ಕಳಿಗೆ ಮತ್ತೆ ಕಲಿಸುತ್ತಿದ್ದಾರೆ.