ಬೆಳವದ ರಕ್ತದಲ್ಲಿ ಕಂಡದ್ದು ಹೊಸ ಪ್ರಭೇದವೇ?

ಪ್ರಶ್ನೆ: ನಮ್ಮ ಕಬ್ಬಿನ ಗದ್ದೆ ಬದುವಿನಲ್ಲಿ ಒಂದು ಚುಕ್ಕೆ ಬೆಳವ ಹಾರಲಾಗದೆ ಕೂತಿತ್ತು. ಎತ್ತಿಕೊಂಡಾಗ ಗರಿಯೊಳಗಿಂದ ಚಪ್ಪಟೆ ನೊಣವೊಂದು ಹೊರಟು ಕೈ ಮೇಲೆ ಓಡಿತು. ಪಶುವೈದ್ಯರು ರಕ್ತ ಪರೀಕ್ಷಿಸಿ ‘ಮಲೇರಿಯಾ ಥರದ ಪರಾವಲಂಬಿ ಇದೆ’ ಎಂದರು. ವೆಟರ್ನರಿ ಓದುತ್ತಿರುವ ತಮ್ಮನ ಮಗ, ಹೊಸ ಪ್ರಭೇದವೂ ಇರಬಹುದು ಅಂತಾನೆ. ಅದನ್ನು ಹೇಗೆ ಗೊತ್ತು ಮಾಡುತ್ತಾರೆ? ನಮ್ಮ ಕೋಳಿಗಳಿಗೆ ಅಂಟುತ್ತಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮೊದಲು ಕೋಳಿ ವಿಷಯ ಮುಗಿಸೋಣ. ಬೆಳವ, ಪಾರಿವಾಳಗಳಲ್ಲಿ ಸಾಮಾನ್ಯವಾಗಿ ಸಿಗುವುದು ಹೀಮೋಪ್ರೋಟಿಯಸ್ ಎಂಬ ರಕ್ತದ ಪರಾವಲಂಬಿ. ಅದು ಅವುಗಳ ಬಳಗದಲ್ಲೇ ಸುತ್ತುತ್ತದೆ. ಕೋಳಿಗೂ ಬರುವುದಿಲ್ಲ, ನಿಮಗೂ ಬರುವುದಿಲ್ಲ. ಮನೆಯಲ್ಲಿ ಪಾರಿವಾಳ ಸಾಕಿದ್ದರೆ ಮಾತ್ರ ಆ ನೊಣದ ಮೇಲೆ ಒಂದು ಕಣ್ಣಿರಲಿ. ರೋಗ ಹರಡುವುದೇ ಅದು. ಅಲ್ಜೀರಿಯಾದಲ್ಲಿ ಸೆರ್ಜೆಂಟ್ ಸಹೋದರರೆಂಬ ವಿಜ್ಞಾನಿಗಳು ಇದನ್ನು 1906ರಲ್ಲೇ ತೋರಿಸಿದ್ದರು. ಈ ನೊಣವನ್ನು ದನ, ನಾಯಿಗೆ ಹತ್ತುವ ಉಣ್ಣೆ ಅಂದುಕೊಳ್ಳುವವರು ಬಹಳ. ಆದರೆ ಇದಕ್ಕೆ ಆರೇ ಕಾಲು, ರೆಕ್ಕೆಯೂ ಇದೆ.

ಈಗ ಹೊಸ ಪ್ರಭೇದದ ಮಾತು. ಒಂದು ಸ್ಲೈಡ್ ನೋಡಿ ಯಾರೂ ಹಾಗೆ ಹೇಳಲಾರರು. ರಕ್ತದ ಹನಿಯನ್ನು ತೆಳ್ಳಗೆ ಸವರಿ, ಮೆಥನಾಲ್‌ನಲ್ಲಿ ಅದ್ದಿ, ಜೀಮ್ಸಾ ಬಣ್ಣ ಹಾಕುತ್ತಾರೆ. ಹಕ್ಕಿಗಳ ಕೆಂಪು ರಕ್ತಕಣದಲ್ಲಿ ನಡುವೆ ಕೋಶಕೇಂದ್ರ ಇರುತ್ತದೆ, ನಮ್ಮದರಲ್ಲಿ ಇರುವುದಿಲ್ಲ. ಪರಾವಲಂಬಿ ಆ ಕೇಂದ್ರವನ್ನು ಎಷ್ಟು ಸುತ್ತಿಕೊಂಡಿದೆ, ಅದನ್ನು ಪಕ್ಕಕ್ಕೆ ತಳ್ಳಿದೆಯಾ, ಒಳಗೆ ಕಪ್ಪು ಕಣಗಳು ಎಷ್ಟಿವೆ, ಎಷ್ಟು ದಪ್ಪ ಎಂದೆಲ್ಲ ಅಳೆಯಬೇಕು. ಗ್ಯಾಲಪಗೋಸ್ ದ್ವೀಪಗಳ ಬೆಳವದಲ್ಲಿ ಸಿಕ್ಕಿ 2010ರಲ್ಲಿ ಹೆಸರು ಪಡೆದ ಪ್ರಭೇದವನ್ನು ಬೇರೆ ಮಾಡಿ ತೋರಿಸಿದ್ದು ಮುಖ್ಯವಾಗಿ ಈ ಕಣಗಳೇ. ಸಣ್ಣಸಣ್ಣವು, ಜಾಸ್ತಿ ಸಂಖ್ಯೆಯಲ್ಲಿ.

ಇಲ್ಲೊಂದು ತೊಡಕಿದೆ. ರಕ್ತಕ್ಕೆ ಗಾಳಿ ತಗುಲಿದ ಕೂಡಲೇ ಪರಾವಲಂಬಿ, ನೊಣದ ಹೊಟ್ಟೆ ಸೇರಿದೆ ಎಂದು ನಂಬಿ ಆಕಾರ ಬದಲಿಸತೊಡಗುತ್ತದೆ. ಸವರುವುದು ತಡವಾದರೆ ಹಳೇ ಪ್ರಭೇದವೇ ಹೊಸದರಂತೆ ಕಾಣುತ್ತದೆ. ಅರ್ಧ ಗೊಂದಲ ಹುಟ್ಟುವುದು ಹೀಗೇ.

ಹಾಗಾಗಿ ಡಿಎನ್‌ಎಯೂ ಬೇಕು. ಸೈಟೋಕ್ರೋಮ್ ಬಿ ಜೀನ್‌ನ 479 ಅಕ್ಷರಗಳ ತುಣುಕನ್ನು ಓದಿ, ‘ಮಾಲ್‌ಏವಿ’ ಎಂಬ, ಹಕ್ಕಿಗಳ ಮಲೇರಿಯಾ ಬಗೆಯ ಪರಾವಲಂಬಿಗಳ ದತ್ತಾಂಶ ಭಂಡಾರದಲ್ಲಿ ಹೋಲಿಸುತ್ತಾರೆ. ಅಲ್ಲಿ ಇಲ್ಲದ ತುಣುಕು ಸಿಕ್ಕರೆ ಹೊಸದು ಅಂತಲೇ? ಅಲ್ಲ. ಒಂದೇ ಪ್ರಭೇದದೊಳಗೂ ತುಸು ವ್ಯತ್ಯಾಸ ಇರುತ್ತದೆ. ಜೊತೆಗೆ ಒಂದೇ ಬೆಳವದಲ್ಲಿ ಎರಡು ಮೂರು ಬಗೆ ಒಟ್ಟಿಗಿರಬಹುದು. ಓದಲು ಬೇಕಾದ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ವಿಧಾನ ಅದರಲ್ಲಿ ಒಂದನ್ನೇ ಎತ್ತಿ ತೋರಿಸಿದರೆ, ಕಣ್ಣು ನೋಡಿದ್ದು ಒಂದು, ಡಿಎನ್‌ಎ ಹೇಳಿದ್ದು ಇನ್ನೊಂದು! ನನ್ನ ಮಟ್ಟಿಗೆ, ಬರೀ ಡಿಎನ್‌ಎ ನೋಡಿ ಹೆಸರಿಡುವುದು ಅವಸರ. ರೂಪವೂ ಡಿಎನ್‌ಎಯೂ ಒಂದೇ ಜೀವಿಯದು ಎಂದು ಖಾತ್ರಿಯಾಗಬೇಕು. ಬೇರೆ ಹಕ್ಕಿಗಳಲ್ಲೂ ಅದೇ ಸಿಗಬೇಕು. ಮುಂದೆ ಯಾರು ಬೇಕಾದರೂ ಹೋಲಿಸಲು ಆ ಸ್ಲೈಡ್‌ಗಳನ್ನು ಸಂಗ್ರಹಾಲಯದಲ್ಲಿ ಇಡಬೇಕು.

ಪಶುವೈದ್ಯರ ಬಳಿ ಸ್ಲೈಡ್ ಇನ್ನೂ ಇದ್ದರೆ ಎಸೆಯಬೇಡಿ ಎನ್ನಿ. ಬಣ್ಣ ಹಾಕಿದ ಹಳೇ ಸ್ಲೈಡ್‌ನಿಂದಲೂ ಎಷ್ಟೋ ಸಲ ಡಿಎನ್‌ಎ ತೆಗೆಯಬಹುದು. ನಿಮ್ಮ ಹುಡುಗನಿಗೆ ಉತ್ಸಾಹ ಇರಲಿ, ಆದರೆ ಬೆಳವಗಳಿಗೆ ಬಲೆ ಹಾಕಲು ಹೋಗುವುದು ಬೇಡ. 1972ರ ವನ್ಯಜೀವಿ ಕಾಯ್ದೆಯಂತೆ ಅನುಮತಿ ಇಲ್ಲದೆ ಹಿಡಿಯುವಂತಿಲ್ಲ. ಕಾಲೇಜಿನ ಪರಾವಲಂಬಿ ವಿಭಾಗದ ಮೂಲಕವೇ ಅರ್ಜಿ ಹಾಕಲಿ.